ಸಾಲು ಎಲ್ಲಿ ಉಂಟು, ತೋರಿಸಿ

ಉಡುಪಿಯ ಕಾಲೇಜೊಂದರಲ್ಲಿ ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತು ಇದು. ಅವತ್ತು ಮಳೆ ಜೋರಿತ್ತು. ನಡುವೆ ಎರಡು ಸಲ ಕರೆಂಟು ಹೋಗಿ ಮೈಕಿಲ್ಲದೆ ಮಾತಾಡಬೇಕಾಯಿತು. ಹಿಂದಿನ ಬೆಂಚಿಗೆ ಕೇಳಿಸದೇ ಹೋದದ್ದನ್ನೂ ಬರೆಯುವಾಗ ಸೇರಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕರೆದವರು ಕೊಟ್ಟ ವಿಷಯ ‘ಇಂಗ್ಲಿಷ್ ಸಾಹಿತ್ಯ ವಿಮರ್ಶಾ ಪ್ರಬಂಧ ಬರೆಯುವ ಬಗೆ’. ಹೆಸರು ಕೇಳಿದರೇ ಆಕಳಿಕೆ ಬರುತ್ತದೆ. ನಿಮ್ಮ ಬಾಯಲ್ಲಿ ಇದಕ್ಕೆ ಇರುವ ಹೆಸರು ಅಸೈನ್‌ಮೆಂಟ್. ಎ4 ಹಾಳೆ, ಸುತ್ತ ಪೆನ್ಸಿಲ್ ಗೆರೆ, ಮೊದಲ ಪುಟದಲ್ಲಿ ಸ್ಕೆಚ್ ಪೆನ್ನಿನ ಅಲಂಕಾರ. ಕೊಡಬೇಕಾದ ಹಿಂದಿನ ರಾತ್ರಿ ವಾಟ್ಸಾಪ್ ಗ್ರೂಪಿಗೆ ಯಾರದ್ದೋ ಪಿಡಿಎಫ್ ಬೀಳುತ್ತದೆ. ಬೆಳಿಗ್ಗೆ ಅದೇ ಪ್ರಬಂಧ ಮೂವತ್ತು ಕೈಬರಹಗಳಲ್ಲಿ ಮೇಷ್ಟ್ರ ಮೇಜಿನ ಮೇಲೆ ಕೂತಿರುತ್ತದೆ, ತಪ್ಪುಗಳ ಸಮೇತ. ಒಂದು ವರ್ಷ ನನ್ನ ಕ್ಲಾಸಿನ ಹನ್ನೊಂದು ಪ್ರಬಂಧಗಳಲ್ಲಿ ಒಂದು ಪದ್ಯದ ಸೇಬಿನ ‘ಆರ್ಚರ್ಡ್’ ಇದ್ದಕ್ಕಿದ್ದಂತೆ ‘ಆರ್ಕಿಡ್’ ಆಗಿತ್ತು. ಪಾಪ, ಸೇಬಿನ ತೋಟದ ರೈತ ಹೂವಿನ ವ್ಯಾಪಾರಿಯಾಗಿಬಿಟ್ಟಿದ್ದ. ಆ ಪದ್ಯಕ್ಕೆ ಆಮೇಲೆ ಬರುತ್ತೇನೆ.

ನಾನು ಮಂಗಳೂರಿನ ಆಸುಪಾಸಿನಲ್ಲಿ 26 ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಬೈಯಲಿಕ್ಕೆ ಬಂದಿಲ್ಲ, ನಾನೂ ಹೀಗೇ ಬರೆದವನೇ. ಎಂ.ಎ. ಮೊದಲ ವರ್ಷದಲ್ಲಿ ಹದಿನಾಲ್ಕು ಪುಟದ ಒಂದು ಪ್ರಬಂಧ ಬರೆದಿದ್ದೆ. ಲೈಬ್ರರಿಯ ಮೂರು ಗೈಡುಗಳನ್ನು ಅರೆದು ಕಲಸಿದ ಚಟ್ನಿ ಅದು. ‘ಕವಿಯ ಅಪಾರ ಮಾನವೀಯತೆ’, ‘ಬದುಕಿನ ಆಳವಾದ ದರ್ಶನ’, ಇಂಥ ಮಾತುಗಳಿಗೆ ಬರ ಇರಲಿಲ್ಲ. ಫಸ್ಟ್ ಮಾರ್ಕು ನನಗೇ ಅಂದುಕೊಂಡಿದ್ದೆ. ವಾಪಸು ಬಂದಾಗ ಮಾರ್ಜಿನ್ನಿನಲ್ಲಿ ಕೆಂಪು ಶಾಯಿಯ ಒಂದೇ ಪದ: ‘ವೇರ್?’ ಒಂದು ಕಡೆ ಅಲ್ಲ, ಒಂಬತ್ತು ಕಡೆ. ಮಾನವೀಯತೆ ಎಲ್ಲಿ? ದರ್ಶನ ಎಲ್ಲಿ? ಯಾವ ಸಾಲಿನಲ್ಲಿ? ಕೊನೆಯ ಪುಟದಲ್ಲಿ ಮಾರ್ಕು ಬಿಟ್ಟು ಬೇರೇನೂ ಬರೆದಿರಲಿಲ್ಲ. ಆ ಮಾರ್ಕು ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ.

ಆ ‘ವೇರ್?’ ಅನ್ನು ನಮ್ಮ ಊರಿನ ಭಾಷೆಗೆ ತಂದರೆ ನನ್ನ ಇವತ್ತಿನ ಮಾತೆಲ್ಲ ಅದರಲ್ಲೇ ಇದೆ. ಸಾಲು ಎಲ್ಲಿ ಉಂಟು, ತೋರಿಸಿ.

ನಿಮ್ಮಲ್ಲಿ ತಾಳಮದ್ದಳೆ ಕೇಳಿದವರು ಎಷ್ಟು ಜನ? (ಹತ್ತು-ಹನ್ನೆರಡು ಕೈಗಳು ಎದ್ದವು.) ಸಾಕು. ಮೇ ಕೊನೆಗೆ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ಮಳೆಗಾಲ ಪೂರ್ತಿ ತಾಳಮದ್ದಳೆಯದ್ದೇ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಒಂದು ಪದ್ಯ ಹಾಡುತ್ತಾರೆ. ಹಾಡು ನಿಂತ ಮೇಲೆ ಅರ್ಥಧಾರಿ ಮಾತು ಶುರು ಮಾಡುತ್ತಾರೆ. ಪದ್ಯ ನಾಲ್ಕು ಸಾಲು, ಅರ್ಥ ಕೆಲವೊಮ್ಮೆ ಅರ್ಧ ಗಂಟೆ. ಬಾಯಿಪಾಠ ಮಾಡಿ ತಂದದ್ದಲ್ಲ, ಅಲ್ಲೇ ಹುಟ್ಟಿದ್ದು. ಹಾಗಂತ ಬಾಯಿಗೆ ಬಂದದ್ದನ್ನು ಹೇಳುವ ಹಾಗೂ ಇಲ್ಲ. ಪದ್ಯ ಬಿಟ್ಟು ಎಲ್ಲೆಲ್ಲೋ ಹೋದರೆ ಮುಂದಿನ ಸಾಲಿನಲ್ಲಿ ಕವಳ ಹಾಕಿಕೊಂಡು ಕೂತ ಅಜ್ಜ ಪಕ್ಕದವರ ಕಿವಿಯಲ್ಲಿ ಹೇಳುತ್ತಾರೆ, ‘ಇದು ಪದ್ಯದಲ್ಲಿ ಎಲ್ಲಿ ಉಂಟು ಮಾರಾಯ್ರೇ?’ ನನ್ನ ಮೇಷ್ಟ್ರು ಕೆಂಪು ಶಾಯಿಯಲ್ಲಿ ಕೇಳಿದ್ದೂ ಅದನ್ನೇ.

ಇನ್ನೊಂದು ಗಮನಿಸಿ. ಅದೇ ‘ಕೃಷ್ಣ ಸಂಧಾನ’, ಅದೇ ಪದ್ಯ. ಈ ಶನಿವಾರ ಒಬ್ಬರ ಕೌರವ ಹಠಮಾರಿ. ಮುಂದಿನ ಶನಿವಾರ ಇನ್ನೊಬ್ಬರ ಕೌರವ ಒಳಗೊಳಗೇ ಹೆದರಿದವನು. ಎರಡೂ ಸರಿಯಾಗಬಹುದು, ಪದ್ಯ ಎರಡಕ್ಕೂ ಜಾಗ ಕೊಟ್ಟರೆ. ‘ಸರ್, ಸರಿಯಾದ ಅರ್ಥ ಯಾವುದು’ ಅಂತ ನೀವು ಕೇಳುತ್ತೀರಲ್ಲ, ಅದಕ್ಕೆ ನನ್ನ ಉತ್ತರ ಇದೇ. ಒಂದೇ ಸರಿ ಉತ್ತರ ಅಂತ ಇಲ್ಲ. ಆದರೆ ತಪ್ಪು ಉತ್ತರ ಧಾರಾಳ ಉಂಟು.

ಈಗ ಆ ಸೇಬಿನ ತೋಟಕ್ಕೆ ಹೋಗೋಣ. ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ ಅವರ ‘ಮೆಂಡಿಂಗ್ ವಾಲ್’, ಅಂದರೆ ಗೋಡೆ ರಿಪೇರಿ. 1914ರ ಪದ್ಯ, 45 ಸಾಲು. ಇಬ್ಬರು ರೈತರು. ಒಬ್ಬನದ್ದು ಸೇಬಿನ ತೋಟ, ಇನ್ನೊಬ್ಬನದ್ದು ಪೈನ್ ಮರಗಳು. ನಡುವೆ ಕಲ್ಲಿನ ಗೋಡೆ. ನಮ್ಮ ಕಡೆಯ ಮುರಕಲ್ಲಿನ ಪಾಗಾರದ ಹಾಗೆ ಕೆತ್ತಿ ಕೂರಿಸಿದ್ದಲ್ಲ, ಹೊಲದ ಉಂಡೆಗಲ್ಲುಗಳನ್ನು ಸುಮ್ನೆ ಒಂದರ ಮೇಲೊಂದು ಪೇರಿಸಿದ್ದು. ಚಳಿಗಾಲದಲ್ಲಿ ನೆಲದ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಕಲ್ಲು ಉದುರುತ್ತದೆ. ವಸಂತ ಬಂದಾಗ ಇಬ್ಬರೂ ಸೇರಿ ಗೋಡೆಯ ಎರಡು ಬದಿಗೆ ನಡೆದು ಬಿದ್ದ ಕಲ್ಲು ಎತ್ತಿ ಇಡುತ್ತಾರೆ. ಹೀಗೆ ನಡೆಯುವಾಗ ಪದ್ಯದ ‘ನಾನು’ ಕೇಳುತ್ತಾನೆ: ನಮಗೆ ಗೋಡೆ ಎಂತಕ್ಕೆ? ನನ್ನ ಸೇಬಿನ ಮರ ದಾಟಿ ಬಂದು ನಿನ್ನ ಪೈನ್ ಕಾಯಿ ತಿನ್ನುತ್ತದಾ? ನೆರೆಯವನದ್ದು ಒಂದೇ ಉತ್ತರ. ಬೇಲಿ ಒಳ್ಳೆಯದಿದ್ದರೆ ನೆರೆಯವರೂ ಒಳ್ಳೆಯವರು.

ಇಷ್ಟು ಕತೆ. ಪ್ರಬಂಧದಲ್ಲಿ ಇದಕ್ಕೆ ಎರಡು ವಾಕ್ಯ ಸಾಕು, ಯಾಕೆಂದರೆ ಮೇಷ್ಟ್ರು ಪದ್ಯ ಓದಿದ್ದಾರೆ. ಓದಿದವರಿಗೆ ಮತ್ತೆ ಕತೆ ಹೇಳುವುದು ಮದುವೆಗೆ ಹೋಗಿ ಬಂದವರಿಗೆ ಮದುವೆಯ ಕಾಗದ ಓದಿ ಹೇಳಿದ ಹಾಗೆ.

ಈ ಪದ್ಯದ ಬಗ್ಗೆ ಸಾಧಾರಣವಾಗಿ ಬರುವ ಪ್ಯಾರಾ ಹೀಗಿರುತ್ತದೆ. ಕನ್ನಡದಲ್ಲೇ ಹೇಳುತ್ತೇನೆ:

‘ಗೋಡೆಗಳು ಮನುಷ್ಯರನ್ನು ದೂರ ಮಾಡುತ್ತವೆ ಎಂದು ಕವಿಯು ಬಹಳ ಸುಂದರವಾಗಿ ಹೇಳಿದ್ದಾರೆ. ನೆರೆಯವನು ಹಳೆಯ ಕಾಲದವನು. ಕವಿಯು ಹೊಸ ಮನೋಭಾವದವನು. ನಾವೆಲ್ಲರೂ ಗೋಡೆಗಳನ್ನು ಕೆಡವಿ ಒಂದಾಗಿ ಬಾಳಬೇಕು ಎಂಬುದೇ ಪದ್ಯದ ಸಂದೇಶ.’

ಓದಿದರೆ ಚಂದ ಕಾಣುತ್ತದೆ. ಅಲ್ವಾ? ಈಗ ಕೆಂಪು ಪೆನ್ನು ಹಿಡಿಯಿರಿ. ‘ಕೆಡವಬೇಕು’ ಅಂತ ಯಾವ ಸಾಲಿನಲ್ಲಿ ಉಂಟು? ಇಲ್ಲ. ಗೋಡೆ ಕೆಳಗೆ ಬೀಳಬೇಕು ಅಂತ ಬಯಸುವ ಏನೋ ಒಂದು ಇದೆ ಎಂಬ ಮಾತಿದೆ. ಆದರೆ ಆ ‘ಏನೋ’ ಯಾರು, ಎಂತದು, ಪದ್ಯ ಹೇಳುವುದೇ ಇಲ್ಲ. ‘ಸುಂದರವಾಗಿ’ ಅಂದರೆ ಹೇಗೆ? ಗೊತ್ತಿಲ್ಲ. ಈ ಪ್ಯಾರಾ ಬರೆಯಲಿಕ್ಕೆ ಪದ್ಯ ಓದಬೇಕಾಗಿಯೇ ಇಲ್ಲ. ಹೆಸರು ಕೇಳಿದರೆ ಸಾಕು.

1929ರಲ್ಲಿ ಐ.ಎ. ರಿಚರ್ಡ್ಸ್ ಎಂಬ ಕೇಂಬ್ರಿಜ್ ಮೇಷ್ಟ್ರು ಇದನ್ನೇ ತೋರಿಸಿದರು. ಕವಿಯ ಹೆಸರು, ಕಾಲ ಎಲ್ಲ ತೆಗೆದು ಬರೀ ಪದ್ಯಗಳನ್ನು ಓದುಗರ ಕೈಗೆ ಕೊಟ್ಟಿದ್ದರು. ಹೆಚ್ಚಿನವರು ವಿದ್ಯಾರ್ಥಿಗಳು. ಅವರು ಬರೆದುಕೊಟ್ಟದ್ದನ್ನು ಕೂಡಿಸಿ ಪುಸ್ತಕ ಮಾಡಿದರು. ಅಲ್ಲಿ ಅವರು ಗುರುತಿಸಿದ ಒಂದು ಕಾಯಿಲೆಯ ಹೆಸರು ‘ಸ್ಟಾಕ್ ರೆಸ್ಪಾನ್ಸ್’, ಅಂದರೆ ದಾಸ್ತಾನಿನಲ್ಲಿ ಇಟ್ಟ ಪ್ರತಿಕ್ರಿಯೆ. ತಾಯಿ ಅಂದ ಕೂಡಲೇ ತ್ಯಾಗ, ಹಳ್ಳಿ ಅಂದ ಕೂಡಲೇ ಮುಗ್ಧತೆ, ಗೋಡೆ ಅಂದ ಕೂಡಲೇ ಕೆಟ್ಟದ್ದು. ಇದು ಬುದ್ಧಿ ಕಡಿಮೆಯವರ ಕಾಯಿಲೆ ಅಂದುಕೊಳ್ಳಬೇಡಿ. ಕೇಂಬ್ರಿಜ್‌ನವರಿಗೇ ಇತ್ತು.

ಸರಿ, ಈಗ ಸಾಲುಗಳ ಮೇಲೆ ಬೆರಳಿಟ್ಟು ಓದೋಣ. 12ನೇ ಸಾಲು: ‘ಐ ಲೆಟ್ ಮೈ ನೇಬರ್ ನೋ’. ಗೋಡೆ ಕಟ್ಟುವ ಕಾಲ ಬಂತು ಅಂತ ನೆರೆಯವನಿಗೆ ಹೇಳಿ ಕಳಿಸಿದ್ದು ಯಾರು? ಪದ್ಯದ ‘ನಾನು’! ಗೋಡೆ ಎಂತಕ್ಕೆ ಅಂತ ಕೇಳುವವನೇ ಗೋಡೆ ಕೆಲಸಕ್ಕೆ ಕರೆದದ್ದು. ನಾನು ಈ ಪದ್ಯವನ್ನು ನಾಲ್ಕೈದು ವರ್ಷ ಪಾಠ ಮಾಡಿದ ಮೇಲೆ ಇದು ನನ್ನ ಕಣ್ಣಿಗೆ ಬಿದ್ದದ್ದು. ನಾಚಿಕೆಯಾಯಿತು. ಅಷ್ಟು ವರ್ಷ ಗೈಡಿನ ಪದ್ಯ ಪಾಠ ಮಾಡಿದ್ದೆ, ಫ್ರಾಸ್ಟ್ ಪದ್ಯ ಅಲ್ಲ.

ಇನ್ನೂ ಸ್ವಲ್ಪ ಮುಂದೆ ಹೋಗಿ. ಸೇಬಿನ ಮರದ ತಮಾಷೆ 26ನೇ ಸಾಲಿನಲ್ಲಿ ಮುಗಿಯುತ್ತದೆ. ಅಲ್ಲಿ ‘ಐ ಟೆಲ್ ಹಿಮ್’ ಎಂದಿದೆ. ಅಂದರೆ ಬಾಯಿಬಿಟ್ಟು ಹೇಳಿದ್ದಾನೆ. ಆಮೇಲೆ ಬರುತ್ತದೆ ಪ್ರಸಿದ್ಧ ಮಾತು: ಗೋಡೆ ಕಟ್ಟುವ ಮೊದಲು ಏನನ್ನು ಒಳಗಿಡುತ್ತೇನೆ, ಏನನ್ನು ಹೊರಗಿಡುತ್ತೇನೆ ಅಂತ ತಿಳಿಯಬೇಕು. ಎಲ್ಲರೂ ಭಾಷಣದಲ್ಲಿ ಬಳಸುವ ಸಾಲು. ಆದರೆ ಅದರ ಬಾಗಿಲಲ್ಲಿ ಎಂತ ಉಂಟು? 28ನೇ ಸಾಲಿನ ಕೊನೆ, 29ರ ಮೊದಲು ನೋಡಿ. ‘ಐ ವಂಡರ್ ಇಫ್ ಐ ಕುಡ್’. ಅವನ ತಲೆಗೊಂದು ವಿಚಾರ ಹಾಕಲಿಕ್ಕೆ ಆದೀತಾ ಅಂತ ಯೋಚನೆ ಮಾಡುತ್ತೇನೆ. ಹೇಳಿದೆ ಅಂತ ಇಲ್ಲ! ಆ ದೊಡ್ಡ ಪ್ರಶ್ನೆಗಳನ್ನೆಲ್ಲ ಅವನು ಕೇಳಿದನೋ, ಮನಸ್ಸಿನಲ್ಲೇ ನುಂಗಿದನೋ? ಪದ್ಯ ಬಿಟ್ಟುಕೊಡುವುದಿಲ್ಲ. ನಾವು ಕೂಡ ಮನೆಯಲ್ಲಿ ಕನ್ನಡಿ ಎದುರು ಗೆದ್ದ ಜಗಳಗಳು ಎಷ್ಟಿಲ್ಲ?

ನೆರೆಯವನದ್ದು ಇಡೀ ಪದ್ಯದಲ್ಲಿ ಒಂದೇ ಮಾತು. ಇಂಗ್ಲಿಷಿನಲ್ಲಿ ಐದೇ ಪದ, ಎರಡು ಸಲ. ಅದಕ್ಕೇ ಅವನನ್ನು ದಡ್ಡ ಅನ್ನುತ್ತೇವೆ. ಆದರೆ ‘ಗೋಡೆ ಕಂಡರೆ ಆಗದ ಏನೋ ಒಂದಿದೆ’ ಎಂಬ ‘ನಾನು’ವಿನ ಮಾತು? ಒಂದನೇ ಸಾಲಿನಲ್ಲಿ ಒಮ್ಮೆ, 35ನೇ ಸಾಲಿನಲ್ಲಿ ಅಕ್ಷರ ಬದಲಾಗದೆ ಇನ್ನೊಮ್ಮೆ. ಅಪ್ಪನ ಗಾದೆಯನ್ನು ತಿರುಗಿ ಹೇಳುವವನು ಹಳೆಯ ಕಾಲದವನಾದರೆ, ತನ್ನದೇ ಗಾದೆಯನ್ನು ತಿರುಗಿ ಹೇಳುವವನು ಯಾರು? ಕೊನೆಯ ಸಾಲು ಯಾರಿಗೆ ಸಿಕ್ಕಿದೆ ಅಂತಲೂ ನೋಡಿ. ನೆರೆಯವನಿಗೆ.

ಈಗ ಪ್ರಬಂಧದ ಮೊದಲ ವಾಕ್ಯ ತಾನಾಗಿ ಬರುತ್ತದೆ. ‘ಈ ಪದ್ಯದಲ್ಲಿ ಗೋಡೆಯನ್ನು ಪ್ರಶ್ನಿಸುವವನೇ ಅದನ್ನು ಬೀಳದಂತೆ ನಿಲ್ಲಿಸುವವನೂ ಹೌದು.’ ಇದಕ್ಕೆ ಇಂಗ್ಲಿಷ್ ಮೇಷ್ಟ್ರುಗಳು ಥೀಸಿಸ್ ಅನ್ನುತ್ತಾರೆ. ಹೆಸರು ದೊಡ್ಡದು, ಪರೀಕ್ಷೆ ಸಣ್ಣದು. ಪದ್ಯ ಓದಿದ ಇನ್ನೊಬ್ಬರು ‘ಇಲ್ಲ, ನಾನು ಒಪ್ಪುವುದಿಲ್ಲ’ ಅನ್ನಲಿಕ್ಕೆ ಸಾಧ್ಯ ಇರಬೇಕು. ‘ಫ್ರಾಸ್ಟ್ ದೊಡ್ಡ ಕವಿ’ ಅಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಜಗಳಕ್ಕೆ ಯಾರೂ ಬಾರದ ವಾಕ್ಯದಿಂದ ಆರು ಪುಟ ಎಳೆಯಲಿಕ್ಕೆ ಆಗುವುದಿಲ್ಲ, ಬರೀ ನೀರು ಹಾಕಬೇಕಾಗುತ್ತದೆ.

ತಾಳಮದ್ದಳೆಯಲ್ಲಿ ಎದುರು ಒಬ್ಬರು ಕೂತಿರುತ್ತಾರೆ, ಅದೇ ದೊಡ್ಡ ಅನುಕೂಲ. ನೀವು ಜಾರಿದ ಕೂಡಲೇ ಹಿಡಿಯುತ್ತಾರೆ. ಹಾಸ್ಟೆಲ್ ರೂಮಿನಲ್ಲಿ ರಾತ್ರಿ ಹನ್ನೊಂದಕ್ಕೆ ಪ್ರಬಂಧ ಬರೆಯುವವರ ಎದುರು ಯಾರೂ ಇಲ್ಲ. ಹಾಗಾಗಿ ಆ ಕುರ್ಚಿಯಲ್ಲಿ ನೀವೇ ಒಬ್ಬರನ್ನು ಕೂರಿಸಿಕೊಳ್ಳಬೇಕು. ಅವರು ಹೇಳುತ್ತಾರೆ, ‘ಅಲ್ಲ ಮಾರಾಯ್ರೇ, ನೆರೆಯವನಿಗೆ ಹೇಳಿ ಕಳಿಸಿದ್ದು ಬರೀ ಮರ್ಯಾದೆಗೆ. ಊರಿನ ಪದ್ಧತಿ. ಅದರಲ್ಲಿ ಅವನಿಗೆ ಗೋಡೆ ಬೇಕು ಅಂತ ಹೇಗಾಯಿತು?’ ಒಳ್ಳೆಯ ಪ್ರಶ್ನೆ. ಇದಕ್ಕೆ ಹೆದರಿ ಪ್ಯಾರಾ ಹರಿದುಹಾಕಬೇಡಿ. ಮತ್ತೆ ಪದ್ಯಕ್ಕೆ ಹೋಗಿ. 5ನೇ ಸಾಲಿನಿಂದ ಬೇಟೆಗಾರರ ಸುದ್ದಿ ಇದೆ. ಮೊಲ ಹಿಡಿಯಲಿಕ್ಕೆ ಅವರು ಕಲ್ಲೆಲ್ಲ ಎಳೆದುಹಾಕಿ ಹೋದ ಜಾಗವನ್ನು ಇವನೇ ಹಿಂದಿನಿಂದ ಹೋಗಿ ಸರಿಮಾಡಿದ್ದಾನೆ. ಅಲ್ಲಿ ನೆರೆಯವನ ಹೆಸರೇ ಇಲ್ಲ, ‘ಐ’ ಅಂತ ಮಾತ್ರ ಇದೆ. ಯಾರೂ ಇಲ್ಲದಾಗ ಒಬ್ಬನೇ ಗೋಡೆ ರಿಪೇರಿ ಮಾಡಿದವನದ್ದು ಬರೀ ಮರ್ಯಾದೆಯಾ? ನೋಡಿ, ಎದುರಿನವರು ಕೇಳಿದ್ದರಿಂದ ನಿಮ್ಮ ಪ್ರಬಂಧಕ್ಕೆ ಇನ್ನೊಂದು ಪ್ಯಾರಾ ಸಿಕ್ಕಿತು. ಅದೇ ಬಹುಶಃ ಇಡೀ ಪ್ರಬಂಧದ ಒಳ್ಳೆಯ ಪ್ಯಾರಾ.

ಸಾಲು ಎತ್ತಿ ಬರೆಯುವುದರ ಬಗ್ಗೆ ಒಂದು ಮಾತು. ನಮ್ಮವರು ನಾಲ್ಕು ಸಾಲು ಎತ್ತಿ ಬರೆದು ಕೆಳಗೆ ‘ಹೀಗೆ ಕವಿಯು ಮನೋಜ್ಞವಾಗಿ ವರ್ಣಿಸಿದ್ದಾರೆ’ ಅಂತ ಹಾಕಿ ಮುಂದಿನ ಪಾಯಿಂಟಿಗೆ ಹೋಗುತ್ತಾರೆ. ಭಾಗವತರು ಹಾಡಿದ ಮೇಲೆ ಅರ್ಥಧಾರಿ ‘ಪದ್ಯ ಚಂದ ಇತ್ತು’ ಅಂದು ಎದ್ದು ಹೋದ ಹಾಗಾಯಿತು ಅದು. ನಾಲ್ಕು ಸಾಲು ಬೇಡ, ನಾಲ್ಕು ಪದ ಸಾಕು. ‘ಐ ಕುಡ್’ ಎಂಬ ಎರಡು ಪದ ಎತ್ತಿ, ಅದರ ಮೇಲೆ ಮೂರು ವಾಕ್ಯ ಬರೆಯಿರಿ. ಎತ್ತಿದ್ದಕ್ಕಿಂತ ನಿಮ್ಮ ಮಾತು ಜಾಸ್ತಿ ಇರಬೇಕು.

ಆಮೇಲೆ, ಮಾತಾಡುವವನನ್ನು ಕವಿ ಅನ್ನಬೇಡಿ. ಸ್ಪೀಕರ್ ಅನ್ನಿ. ಕೌರವನ ಅರ್ಥ ಹೇಳಿದವರು ರಾತ್ರಿ ಮನೆಗೆ ಹೋಗಿ ಹೆಂಡತಿಯ ಹತ್ತಿರ ಗಂಜಿ ಕೇಳುತ್ತಾರೆ, ಐದು ಗ್ರಾಮ ಕೊಡುವುದಿಲ್ಲ ಅನ್ನುವುದಿಲ್ಲ. ಫ್ರಾಸ್ಟ್ ಬೇರೆ, ಪದ್ಯದ ‘ನಾನು’ ಬೇರೆ. ಹೀಗೆ ಬೇರೆ ಮಾಡಿದರೆ ಮಾತ್ರ ‘ಇವನು ತನ್ನನ್ನೇ ಪೂರ್ತಿ ಅರ್ಥ ಮಾಡಿಕೊಂಡಿಲ್ಲ’ ಅಂತ ಬರೆಯುವ ಧೈರ್ಯ ಬರುತ್ತದೆ.

ಕವಿ ಪರಿಚಯ? ‘ಫ್ರಾಸ್ಟ್ 1874ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜನಿಸಿದರು, ನಾಲ್ಕು ಬಾರಿ ಪುಲಿಟ್ಜರ್ ಪ್ರಶಸ್ತಿ ಪಡೆದರು.’ ಎಲ್ಲ ನಿಜವೇ. ನಿಮ್ಮ ವಾದಕ್ಕೆ ಅದರಿಂದ ಎಂತ ಲಾಭ? ಲಾಭ ಆಗುವ ಸಂಗತಿ ಇದ್ದರೆ ಖಂಡಿತ ಬರೆಯಿರಿ. ಈ ಪದ್ಯ ಇರುವ ಸಂಕಲನ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಿ. ಆಗ ಫ್ರಾಸ್ಟ್ ಇಂಗ್ಲೆಂಡಿನಲ್ಲಿದ್ದರು, ನ್ಯೂ ಹ್ಯಾಂಪ್‌ಶೈರ್‌ನ ತಮ್ಮ ತೋಟದ ದಿನಗಳನ್ನು ಬಿಟ್ಟು ಬಂದಿದ್ದರು. ದೂರದಲ್ಲಿದ್ದು ನೆನೆದ ಗೋಡೆ ಅಂತ ಓದಿದರೆ ಏನಾದರೂ ಬದಲಾಗುತ್ತದಾ? ಬದಲಾದರೆ ಅದು ಒಳಗೆ ಬರಲಿ. ಇಲ್ಲದಿದ್ದರೆ ಹುಟ್ಟಿದ ಊರು, ಪ್ರಶಸ್ತಿ ಎಲ್ಲ ಗೇಟಿನ ಹೊರಗೇ ಇರಲಿ. ಅಂದ ಹಾಗೆ ಫ್ರಾಸ್ಟ್ ಅಂದರೆ ಇಂಗ್ಲಿಷಿನಲ್ಲಿ ಹೆಪ್ಪುಗಟ್ಟುವ ಚಳಿ. ಗೋಡೆ ಬೀಳಿಸುವುದೂ ಅದೇ. ಕವಿ ತನ್ನ ಹೆಸರನ್ನೇ ಅಲ್ಲಿ ಬಚ್ಚಿಟ್ಟಿದ್ದಾರಾ? ಎದುರಿನ ಕುರ್ಚಿಯವರನ್ನು ಕೇಳಿ ನೋಡಿ.

ಸಣ್ಣಪುಟ್ಟ ನಿಯಮಗಳು ಬೇಗ ಹೇಳುತ್ತೇನೆ. ಪದ್ಯದಲ್ಲಿ ನಡೆಯುವುದನ್ನು ವರ್ತಮಾನದಲ್ಲಿ ಬರೆಯಿರಿ. ‘ಕೇಳಿದನು’ ಅಲ್ಲ, ‘ಕೇಳುತ್ತಾನೆ’. ಪುಸ್ತಕ ತೆರೆದಾಗಲೆಲ್ಲ ಅವನು ಕೇಳುತ್ತಲೇ ಇರುತ್ತಾನೆ. ಸಣ್ಣ ಪದ್ಯದ ಹೆಸರಿಗೆ ಉದ್ಧರಣ ಚಿಹ್ನೆ, ಪುಸ್ತಕದ ಹೆಸರಿಗೆ ಓರೆ ಅಕ್ಷರ ಅಥವಾ ಕೈಬರಹವಾದರೆ ಅಡಿಗೆರೆ. ಎತ್ತಿದ ಸಾಲಿಗೆ ಸಾಲಿನ ನಂಬರ್ ಕೊಡಿ. ಎಂಎಲ್‌ಎ ಪದ್ಧತಿ (ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್ನಿನ ಬರವಣಿಗೆಯ ಕ್ರಮ) ಅಂತ ನಿಮ್ಮ ಮೇಷ್ಟ್ರು ಹೇಳಿದರೆ ಮುಖ್ಯವಾಗಿ ಇಷ್ಟೇ, ಹೆದರಬೇಡಿ. ಪೀಠಿಕೆಯನ್ನು ಕೊನೆಗೆ ಬರೆಯಿರಿ. ಮನೆ ಕಟ್ಟುವ ಮೊದಲೇ ಅತಿಥಿಗಳಿಗೆ ಯಾವ ಕೋಣೆ ಎಲ್ಲಿದೆ ಅಂತ ತೋರಿಸಲಿಕ್ಕೆ ಆಗುತ್ತದಾ? ‘ಕ್ರಿಟಿಕಲಿ’ ಅಂತ ಪ್ರಶ್ನೆಯಲ್ಲಿ ಇದ್ದರೆ ತಪ್ಪು ಹುಡುಕಿ ಅಂತ ಅಲ್ಲ, ಕಾರಣ ಕೊಟ್ಟು ಬರೆಯಿರಿ ಅಂತ.

ಎಐ ಬಗ್ಗೆ ಕೇಳುತ್ತೀರಿ ಅಂತ ಗೊತ್ತು, ಮೂರನೇ ಬೆಂಚಿನಲ್ಲಿ ಆಗಲೇ ನಗು ಶುರುವಾಗಿದೆ. ಅದು ಬರೆದುಕೊಡುವುದು ಹೆಚ್ಚಾಗಿ ನನ್ನ ಆ ಹದಿನಾಲ್ಕು ಪುಟದ ಚಟ್ನಿಯನ್ನೇ, ಇಂಗ್ಲಿಷ್ ಮಾತ್ರ ಚೊಕ್ಕ. ಕೆಲವು ಸಲ ಪದ್ಯದಲ್ಲಿ ಇಲ್ಲವೇ ಇಲ್ಲದ ಸಾಲನ್ನೂ ಉದ್ಧರಣ ಚಿಹ್ನೆ ಹಾಕಿ ಕೊಡುತ್ತದೆ. ಅದನ್ನೂ ಕೇಳಿ, ಸಾಲು ಎಲ್ಲಿ ಉಂಟು ಅಂತ.

ನನಗೆ ಜಾಸ್ತಿ ಹೇಳಬೇಕಾದದ್ದು ಭಾಷೆಯ ಬಗ್ಗೆ. ‘ಸರ್, ನಮಗೆ ಇಂಗ್ಲಿಷ್ ಬರುವುದಿಲ್ಲ’ ಅನ್ನುತ್ತೀರಿ. ನಿಮ್ಮ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ. ಮೂರು ಭಾಷೆಯಲ್ಲಿ ಜಗಳ ಮಾಡಲಿಕ್ಕೆ ಬರುತ್ತದೆ. ಹಾಗಾದರೆ ಮೊದಲು ಜಗಳ ಅಲ್ಲೇ ಮಾಡಿ. ಪದ್ಯವನ್ನು ಗೆಳತಿಗೆ ತುಳುವಿನಲ್ಲಿ ವಿವರಿಸಿ. ಅವಳು ಎಲ್ಲಿ ‘ಅವು ಎಂಚಿನ?’, ಅಂದರೆ ಅದೇನು, ಅಂತ ತಡೆಯುತ್ತಾಳೋ ಅಲ್ಲಿ ನಿಮ್ಮ ವಾದಕ್ಕೆ ತೂತಿದೆ. ತೂತು ಮುಚ್ಚಿದ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ, ಸಣ್ಣ ಸಣ್ಣ ವಾಕ್ಯದಲ್ಲಿ. ಗೋಪಾಲಕೃಷ್ಣ ಅಡಿಗರು ಇದೇ ಉಡುಪಿಯಲ್ಲಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರು. ಪಾಠ ಮಾಡಿದ್ದು ಇಂಗ್ಲಿಷ್, ಕಾವ್ಯ ಬರೆದದ್ದು ಕನ್ನಡದಲ್ಲಿ. ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಯೋಚಿಸುವುದು ಈ ಊರಿಗೆ ಹೊಸತಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಮಾರ್ಕಿನ ಬಗ್ಗೆ. ಅವನ್ನು ಇಲ್ಲಿ ಬಿಟ್ಟಿದ್ದೇನೆ. ಕೊನೆಗೆ ಕಿಟಕಿ ಬದಿಯ ಒಬ್ಬ ಹುಡುಗಿ ಎದ್ದು ನಿಂತಳು. ಅಷ್ಟರಲ್ಲಿ ಎರಡನೇ ಸಲ ಕರೆಂಟು ಹೋಗಿತ್ತು.

‘ಸರ್, ನಮ್ಮ ಅಜ್ಜ ಮತ್ತು ಕೆಳಗಿನ ಮನೆಯವರು ಪ್ರತಿ ವರ್ಷ ಗದ್ದೆಯ ಕಟ್ಟಪುಣಿ (ಬದು) ಒಟ್ಟಿಗೆ ಸರಿಮಾಡುತ್ತಾರೆ. ಬೇರೆ ದಿನ ಅವರಿಬ್ಬರಿಗೆ ಮಾತೇ ಇಲ್ಲ. ಆ ಒಂದು ದಿನ ಮಾತ್ರ ಮಾತು, ಒಟ್ಟಿಗೆ ಚಾ. ಈ ಪದ್ಯದಲ್ಲಿಯೂ ಹಾಗೇ ಅಲ್ವಾ? ಗೋಡೆ ಇಲ್ಲದಿದ್ದರೆ ಅವರು ಸಿಗುವುದೇ ಇಲ್ಲ.’

ನಾನು ಅವಳ ಅಜ್ಜನ ಬಗ್ಗೆ ಏನೂ ಹೇಳಲಿಲ್ಲ. ‘ಸಾಲು?’ ಅಂದೆ.

ಮೊಬೈಲಿನ ಬೆಳಕು ಪುಸ್ತಕಕ್ಕೆ ಹಿಡಿದಳು. ಪಕ್ಕದವಳೂ ಬಗ್ಗಿದಳು. ಮಳೆಯ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ. ಆದರೂ ಹಾಲ್ ಸುಮ್ಮನಾಗಿತ್ತು.

‘13 ಸರ್. ವೀ ಮೀಟ್ ಅಂತ ಉಂಟು.’ ಸ್ವಲ್ಪ ತಡೆದು, ‘14ರಲ್ಲಿ ಬಿಟ್ವೀನ್ ಅಸ್. 15ರಲ್ಲಿಯೂ ಬಿಟ್ವೀನ್ ಅಸ್. ಸರ್, ನಮ್ಮ ನಡುವೆ ಅಂದರೆ ಅಡ್ಡವೂ ಆಗುತ್ತದೆ, ನಮ್ಮಿಬ್ಬರದ್ದು ಅಂತಲೂ ಆಗುತ್ತದೆ.’

26 ವರ್ಷ ಪಾಠ ಮಾಡಿದವನು ಆ ಎರಡು ಸಾಲನ್ನು ಹಾಗೆ ಓದಿರಲಿಲ್ಲ. ಅವಳ ಪುಸ್ತಕ ಇಸಿದುಕೊಂಡು ಮತ್ತೊಮ್ಮೆ ನೋಡಿದೆ. ಉಂಟು, ಎರಡು ಕಡೆಯೂ ಉಂಟು.